ಓದಕ್ಕ ಮತ್ತು ಇಲ್ಲದ ಹದಿನಾರು ಪುಟಗಳು

ಓದಕ್ಕ ಒಂದು ಕಾದಂಬರಿಯ ಕೊನೆಯ ಹದಿನಾರು ಪುಟಗಳನ್ನು ಕತ್ತರಿಯಿಂದ ಕತ್ತರಿಸಿ, ಆ ಮೂಲಕ ಒಬ್ಬಳ ಮದುವೆಯನ್ನೇ ತಪ್ಪಿಸಲು ನೋಡಿದಳು ಎಂಬ ಮಾತು ಆಸ್ಪತ್ರೆಯ ಹಿಂಬದಿಯ ಕಟ್ಟಡಗಳಲ್ಲಿ ಇಂದಿಗೂ ಓಡಾಡುತ್ತಿದೆ. ಅಡುಗೆಮನೆಯವರು ಹೇಳುವಾಗ ಹದಿನಾರು ಪುಟ ಅರ್ಧ ಪುಸ್ತಕವಾಗುತ್ತದೆ. ಬಟ್ಟೆ ಒಗೆಯುವವರು ಹೇಳುವಾಗ, ಅವಳು ಆ ಪುಟಗಳನ್ನು ಬಾಯ್ಲರಿನ ಬೆಂಕಿಗೆ ಹಾಕಿದಳೆಂಬ ವಿವರವೂ ಸೇರಿಕೊಳ್ಳುತ್ತದೆ. ಬಾಯ್ಲರು ನಡೆಯುವುದು ಎಣ್ಣೆಯಿಂದ, ಅದರೊಳಗೆ ಒಂದು ಚೀಟಿ ಹಾಕುವುದಕ್ಕೂ ಬಾಗಿಲಿಲ್ಲ ಎಂದು ಯಾರೂ ಯೋಚಿಸುವುದಿಲ್ಲ. ಆಡುವ ಬಾಯಿಗೆ ಅಡ್ಡಗೋಡೆಯಿಲ್ಲ.

ನಡೆದದ್ದು ಬೇರೆ. ಕತ್ತರಿ ಇದ್ದದ್ದು ನಿಜ; ಅದು ಕತ್ತರಿಸಿದ್ದು ದಾರವನ್ನು. ಆ ಪುಟಗಳು ಪುಸ್ತಕ ಹೊಲಿಗೆ ಕೋಣೆಗೆ ಬರುವ ಎಷ್ಟೋ ವರ್ಷ ಮೊದಲೇ ಉದುರಿಹೋಗಿದ್ದವು. ಹಾಗೆಂದು ಓದಕ್ಕ ನಿರಪರಾಧಿ ಎನ್ನುವಂತಿಲ್ಲ. ಅವಳು ಮಾಡಿದ ತಪ್ಪು ಪುಟ ಹರಿಯುವುದಕ್ಕಿಂತ ದೊಡ್ಡದು, ಅದನ್ನು ಅವಳೇ ಎಲ್ಲರಿಗಿಂತ ಮೊದಲು ಒಪ್ಪುತ್ತಾಳೆ.

ಹೊಲಿಗೆ ಕೋಣೆ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಗೆಯುವ ಯಂತ್ರಗಳಿಗೂ ಬಾಯ್ಲರ್ ಮನೆಗೂ ನಡುವೆ. ಒಂಬತ್ತು ವಾರ್ಡುಗಳಲ್ಲಿ ಹರಿದದ್ದೆಲ್ಲ ಅಲ್ಲಿಗೆ ಬರುತ್ತದೆ. ತಳ್ಳುಗಾಡಿಯಲ್ಲಿ ಬಂದ ಬಟ್ಟೆಯನ್ನು ಬೆಳಿಗ್ಗೆ ದೀಪಕ್ಕೆ ಹಿಡಿದು ನೋಡಿ ಮೂರು ಗುಡ್ಡೆ ಮಾಡುತ್ತಾರೆ: ಅಂಚು ಬಿಟ್ಟದ್ದು, ತೇಪೆ ಬೇಕಾದದ್ದು, ನಡುವೆ ಸವೆದದ್ದು. ನಡುವೆ ಸವೆದ ಹಾಸುಬಟ್ಟೆಯನ್ನು ಉದ್ದಕ್ಕೆ ಸೀಳಿ, ಗಟ್ಟಿಯಾಗಿ ಉಳಿದ ಎರಡು ಬದಿಗಳನ್ನು ಮಧ್ಯಕ್ಕೆ ತಂದು ಜೋಡಿಸಿದರೆ ಅದು ಇನ್ನೆರಡು ವರ್ಷ ಬಾಳುತ್ತದೆ. ಮಧ್ಯಾಹ್ನ ಎರಡರವರೆಗೆ ಆರು ಯಂತ್ರಗಳ ಸದ್ದು. ಪಕ್ಕದವಳು ಕೂಗಿದರೂ ಕೇಳಿಸದು. ಎರಡಕ್ಕೆ ಯಂತ್ರಗಳು ನಿಲ್ಲುತ್ತವೆ. ಮೂರೂವರೆಯವರೆಗೆ ಕೈಹೊಲಿಗೆ: ರೋಗಿಗಳ ಗೌನಿಗೆ ಲಾಡಿ, ದಿಂಬಿನ ಚೀಲಕ್ಕೆ ಗುಂಡಿ, ಕಂಬಳಿಯ ಅಂಚು. ಆ ಒಂದೂವರೆ ಗಂಟೆಯ ಹೊತ್ತು ಕೋಣೆಯಲ್ಲಿ ಕಾದಂಬರಿ ಓದಲಾಗುತ್ತದೆ.

ಓದುವವಳು ಹೊಲಿಯುವುದಿಲ್ಲ. ಅವಳ ಪಾಲಿನ ಇಪ್ಪತ್ತು ಗೌನುಗಳನ್ನು ಉಳಿದ ಐವರು ತಲೆಗೆ ನಾಲ್ಕರಂತೆ ಹಂಚಿಕೊಳ್ಳುತ್ತಾರೆ. ಈ ಏರ್ಪಾಟನ್ನು ಯಾರೂ ಬರೆದಿಟ್ಟಿಲ್ಲ. ಹತ್ತೊಂಬತ್ತು ವರ್ಷಗಳ ಹಿಂದೆ ಓದಕ್ಕನ ಬೆರಳಿಗೆ ಸೂಜಿ ಚುಚ್ಚಿ ಕೀವಾದಾಗ, ಸುಮ್ಮನೆ ಕೂರುವ ಬದಲು ಏನಾದರೂ ಓದು ಎಂದು ಉಳಿದವರು ಹೇಳಿದರು. ಬೆರಳು ವಾಸಿಯಾಯಿತು, ಓದು ಉಳಿಯಿತು. ಆಗಿನಿಂದ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರನ್ನು ಹಾಜರಿ ಪುಸ್ತಕ ಮಾತ್ರ ಬಲ್ಲದು.

ಪುಸ್ತಕಗಳು ಬರುವುದು ಅವಳು ಹೋಗುವ ಚರ್ಚಿನ ಹಿಂಕೋಣೆಯ ಕಪಾಟಿನಿಂದ. ಅವಳ ತಾಯಿ ಆ ಚರ್ಚಿನ ಬೆಂಚುಗಳನ್ನು ಒರೆಸುವ ಕೆಲಸದಲ್ಲಿದ್ದವಳು. ಹದಿಮೂರರ ಹುಡುಗಿ ಒದ್ದೆ ನೆಲದ ಮೇಲೆ ಹೆಜ್ಜೆ ಮೂಡಿಸದಿರಲೆಂದು ಅವಳನ್ನು ಹಿಂಕೋಣೆಯಲ್ಲಿ ಕೂರಿಸುತ್ತಿದ್ದಳು. ಅಲ್ಲಿ, ತೀರಿಕೊಂಡವರ ಮನೆಗಳಿಂದ ಬಂದ ಪುಸ್ತಕಗಳ ನಡುವೆ, ಹುಡುಗಿ ಮೊದಲ ಕಾದಂಬರಿಯನ್ನು ಕಂಡಳು: ನೂರು ವರ್ಷ ಹಿಂದಿನ ಒಂದು ಯುದ್ಧ, ಒಬ್ಬ ದಾದಿ, ಒಬ್ಬ ಗಾಯಾಳು ಸೈನಿಕ, ಒಂದು ಸುಳ್ಳು ಉಯಿಲು, ಮತ್ತು ಪ್ರತಿ ಅಧ್ಯಾಯದಲ್ಲೂ ಒಂದು ಪ್ರಾರ್ಥನೆ. ಆಗಿನ ಪಾದ್ರಿಗಳು ಇದನ್ನು ಕಂಡು, ಕಾದಂಬರಿ ಓದುವುದಾದರೆ ಮೊದಲು ಬೈಬಲ್ ಓದಿರಬೇಕು ಎಂದರು. ಅವರು ಸಾಮಾನ್ಯ ಬುದ್ಧಿವಾದವಾಗಿ ಹೇಳಿದ್ದನ್ನು ಹುಡುಗಿ ದಿನಚರಿಯ ನಿಯಮವೆಂದುಕೊಂಡಳು. ಬೆಳಿಗ್ಗೆ ಬೈಬಲಿನ ಒಂದು ಅಧ್ಯಾಯ ಮುಗಿಸದೆ ಅವಳು ಇಂದಿಗೂ ಕಾದಂಬರಿಯನ್ನು ಮುಟ್ಟುವುದಿಲ್ಲ. ಹೀಗಾಗಿ ಕಾದಂಬರಿಗಳ ಕೃಪೆಯಿಂದ ಬೈಬಲ್ಲನ್ನು ಹನ್ನೆರಡು ಸಲ ಆದಿಯಿಂದ ಅಂತ್ಯದವರೆಗೆ ಓದಿದ್ದಾಳೆ; ಅದರಲ್ಲಿ ವಂಶಾವಳಿಗಳ ಭಾಗವನ್ನು ಸ್ವಲ್ಪ ಬೇಗ ಓದಿದ್ದೇನೆ ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತಾಳೆ.

ಅವಳ ಗಂಡ ಅದೇ ಆಸ್ಪತ್ರೆಯ ಬಾಯ್ಲರ್ ಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಈ ಕಾದಂಬರಿಗಳಿಗೆ ಅವನಿಟ್ಟ ಹೆಸರು ‘ಪ್ರಾರ್ಥನೆ-ಪಿಸ್ತೂಲು’. ಮಕ್ಕಳಿಲ್ಲದ ಆ ಎರಡು ಕೋಣೆಗಳ ಮನೆಯಲ್ಲಿ ಸಂಜೆ ಅವಳು ಓದುತ್ತಾ ಕೂತರೆ, ಅವನು ಒಲೆಯ ಮುಂದಿನಿಂದ ಕೇಳುತ್ತಾನೆ: “ಈಗ ಯಾವುದು ನಡೀತಿದೆ, ಪ್ರಾರ್ಥನೆಯೋ ಪಿಸ್ತೂಲೋ?” ಪಿಸ್ತೂಲು ಎಂದರೆ ಚಹಾ ತಂದುಕೊಡುತ್ತಾನೆ, ಪ್ರಾರ್ಥನೆ ಎಂದರೆ ಅವಳೇ ಎದ್ದು ಬರಬೇಕು.

ಸಾಹಿತ್ಯ ಬಲ್ಲವರು ಇಂಥ ಕಾದಂಬರಿಗಳನ್ನು ಗಂಭೀರವಾಗಿ ಎಣಿಸುವುದಿಲ್ಲ. ಅವುಗಳ ಅಚ್ಚು ಒಂದೇ ಎಂಬ ಆಕ್ಷೇಪ ಸುಳ್ಳೂ ಅಲ್ಲ. ನಾಯಕಿ ತಬ್ಬಲಿ, ಇಲ್ಲವೇ ಪಾದ್ರಿಯ ಮಗಳು. ನಾಯಕನಿಗೆ ಸತ್ತ ತಮ್ಮನ ಕಾರಣದಿಂದ ದೇವರ ಮೇಲೆ ಮುನಿಸು. ಬಿರುಗಾಳಿಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿಕೊಂಡರೆ ನಡುಮನೆಯಲ್ಲಿ ನಿದ್ದೆ ಬಾರದ ಒಬ್ಬ ಮುದುಕಿ ಇದ್ದೇ ಇರುತ್ತಾಳೆ. ಆದರೆ ಅಚ್ಚಿನೊಳಗೆ ಒಂದು ಪ್ರಶ್ನೆ ಪ್ರತಿ ಸಲ ಹೊಸದಾಗಿ ಏಳುತ್ತದೆ: ಸಾಕ್ಷಿಯೆಲ್ಲ ವಿರುದ್ಧವಾಗಿರುವಾಗ ಒಬ್ಬನನ್ನು ನಂಬಬಹುದೇ? ದೇವರ ಬಗ್ಗೆ ಕೇಳುವ ಪ್ರಶ್ನೆಯನ್ನೇ ಈ ಕತೆಗಳು ಪ್ರಿಯನ ಬಗ್ಗೆಯೂ ಕೇಳುತ್ತವೆ, ಮತ್ತು ಎರಡಕ್ಕೂ ಸರಿಸುಮಾರು ಇನ್ನೂರ ಎಂಬತ್ತನೆಯ ಪುಟದಲ್ಲಿ ಒಟ್ಟಿಗೆ ಉತ್ತರ ಕೊಡುತ್ತವೆ. ಓದಕ್ಕ ಇದನ್ನು ಹೀಗೆ ಹೇಳಲಾರಳು. “ಬಾಗಿಲ ಆಚೆ ಯಾರು ನಿಂತಿದ್ದಾರೆ ಅಂತ ಗೊತ್ತಿಲ್ಲದೆ ಬಾಗಿಲು ತೆಗೀತಾಳಲ್ಲ, ಆ ಕ್ಷಣಕ್ಕೋಸ್ಕರ ಓದ್ತೀನಿ” ಎನ್ನುತ್ತಾಳೆ. ಬಹುಶಃ ಎರಡೂ ಒಂದೇ ಮಾತು.

ಹೊಲಿಗೆ ಕೋಣೆಯ ಆರು ಮಂದಿಯಲ್ಲಿ ಚರ್ಚಿಗೆ ಹೋಗುವವರು ಇಬ್ಬರೇ. ಉಳಿದವರಿಗೆ ಅದರಿಂದ ತೊಡಕೇನೂ ಆಗಲಿಲ್ಲ. ಎಲ್ಲರಿಗಿಂತ ಹಿರಿಯಳಾದ ತೇಪೆ ದೊಡ್ಡಮ್ಮ ಯಾವ ದೇವರ ಮನೆಯ ಮೆಟ್ಟಿಲನ್ನೂ ಹತ್ತಿದವಳಲ್ಲ, ಅಕ್ಷರವನ್ನೂ ಕಲಿತವಳಲ್ಲ. ಆದರೆ ನಾಯಕಿಯನ್ನು ಗೋದಾಮಿನಲ್ಲಿ ಕೂಡಿಹಾಕಿದ ವಾರ ಅವಳು ಊಟದ ಡಬ್ಬಿ ಮುಚ್ಚಿ ಕಣ್ಣುಮುಚ್ಚಿ ಕೂತಿದ್ದನ್ನು ಎಲ್ಲರೂ ನೋಡಿದ್ದಾರೆ. ಯಾರು ಖಳ ಎಂದು ಹೇಳುವುದರಲ್ಲಿ ಅವಳು ತಪ್ಪಿದವಳಲ್ಲ. ಅವಳ ಸೂತ್ರ ಸರಳ: “ಊಟಕ್ಕೆ ಮುಂಚೆ ಉದ್ದ ಪ್ರಾರ್ಥನೆ ಮಾಡ್ತಾನಲ್ಲ, ಅವನ ಮೇಲೆ ಒಂದು ಕಣ್ಣಿಡಿ. ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ.”

ಕೋಣೆಗೆ ಕೆಲವು ಕಟ್ಟುಪಾಡುಗಳಿದ್ದವು. ಸಾಲು ಬಿಡುವಂತಿಲ್ಲ, ಸೇರಿಸುವಂತಿಲ್ಲ. ಪುಸ್ತಕವನ್ನು ಮನೆಗೆ ಒಯ್ಯುವಂತಿಲ್ಲ. ಅದು ಸೂಜಿ-ದಾರದ ಕಪಾಟಿನಲ್ಲಿ, ದೊಡ್ಡಮ್ಮನ ಬೀಗದ ಕೆಳಗೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯನ್ನು ಯಾರೂ ಮೊದಲೇ ಇಣುಕಬಾರದು. ಇದಕ್ಕಾಗಿ ಹೊಸ ಪುಸ್ತಕ ಬಂದ ದಿನವೇ ದೊಡ್ಡಮ್ಮ ಹಿಂದಿನಿಂದ ಬೆರಳಿನಷ್ಟು ದಪ್ಪ ಹಾಳೆಗಳನ್ನು ಹಿಡಿದು, ದಪ್ಪ ಸೂಜಿಯಿಂದ ಅಂಚಿಗೆ ಕಚ್ಚಾ ಹೊಲಿಗೆ ಹಾಕಿಬಿಡುತ್ತಿದ್ದಳು. ಅಕ್ಷರ ಬಾರದವಳಾದ್ದರಿಂದ ಆ ಕೆಲಸಕ್ಕೆ ಅವಳಿಗಿಂತ ನಂಬಿಕಸ್ಥರು ಇರಲಿಲ್ಲ. ಓದು ಆ ಹೊಲಿಗೆಯವರೆಗೆ ಬಂದ ದಿನ ಓದಕ್ಕ ಎಲ್ಲರೆದುರು ದಾರ ಕತ್ತರಿಸುತ್ತಿದ್ದಳು.

ಓದಕ್ಕನ ಎಡಗಡೆಯ ಕುರ್ಚಿ ಆಗ ಲಾಡಿ ತಂಗಿಯದಾಗಿತ್ತು. ಗೌನಿಗೆ ಲಾಡಿ ಹೊಲಿಯುವುದರಲ್ಲಿ ಅವಳ ಕೈ ಅಷ್ಟು ಚುರುಕಾಗಿದ್ದರಿಂದ ಆ ಹೆಸರು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ಕೆಲಸಕ್ಕೆ ಬಂದವಳಿಗೆ ಇದು ನಡೆದಾಗ ಮೂವತ್ತೊಂಬತ್ತು. ಹದಿನೇಳು ವರ್ಷಗಳಲ್ಲಿ ಓದಕ್ಕನ ಪಾಲಿನ ಗೌನುಗಳಲ್ಲಿ ತನ್ನ ನಾಲ್ಕರ ಜೊತೆಗೆ ಇನ್ನೆರಡನ್ನು ಸದ್ದಿಲ್ಲದೆ ಎತ್ತಿಕೊಂಡವಳು, ಭಾನುವಾರ ಮಧ್ಯಾಹ್ನ ಓದಕ್ಕನ ಮನೆಯಲ್ಲಿ ಊಟ ಮಾಡಿ, ತಾನು ಭಾವ ಎಂದು ಕರೆಯುತ್ತಿದ್ದ ಅವಳ ಗಂಡನೊಡನೆ ಚೌಕಾಬಾರ ಆಡಿ ಜಗಳವಾಡಿದವಳು. ಹೆತ್ತ ಮಗಳೇ ಇದ್ದಿದ್ದರೂ ಇಷ್ಟು ಕಾಡುತ್ತಿರಲಿಲ್ಲ ಎಂದು ಓದಕ್ಕ ಹೇಳುತ್ತಿದ್ದುದು ಹೆಮ್ಮೆಯಿಂದಲೇ.

ಎರಡು ವರ್ಷಗಳ ಹಿಂದೆ ಬಾಯ್ಲರ್ ಅಣ್ಣ ಎಂಬವನು ಲಾಡಿ ತಂಗಿಯನ್ನು ಮದುವೆಯಾಗುವೆಯಾ ಎಂದು ಕೇಳಿದ. ಓದಕ್ಕನ ಗಂಡನ ಕೈಕೆಳಗೆ ಕೆಲಸ ಕಲಿತು, ಅವನ ನಂತರ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಹೆಂಡತಿ ತೀರಿ ಆರು ವರ್ಷವಾಗಿತ್ತು. ಮಾತು ಕಡಿಮೆ. ಗೋಡೆಯಾಚೆಯ ಹಬೆ ಕೊಳವೆ ಟಣ್ ಎಂದಾಗಲೆಲ್ಲ ಕೋಣೆಯವರು, “ನೋಡೇ, ಕರೀತಿದ್ದಾನೆ, ಹೋಗಿ ಬಾ” ಎಂದು ತಂಗಿಯನ್ನು ಕಾಡುತ್ತಿದ್ದರು. ಅವನಿಗೆ ನಾಲ್ಕು ಗಂಟೆಯ ರೈಲು ದೂರದ ಇನ್ನೊಂದು ಆಸ್ಪತ್ರೆಗೆ ವರ್ಗವಾಗಿತ್ತು. ತಿಂಗಳ ಕೊನೆಗೆ ಹೊರಡಬೇಕು. ಅಷ್ಟರೊಳಗೆ ಅವಳ ಉತ್ತರ ಬೇಕು. ಹೂಂ ಎಂದರೆ ತಂಗಿ ಅವನೊಡನೆ ಊರು ಬಿಡುತ್ತಾಳೆ ಎಂಬುದನ್ನು ಓದಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಗ ಓದುತ್ತಿದ್ದ ಕಾದಂಬರಿ ಒಂದು ಬಂದರಿನದು, ನೂರೈವತ್ತು ವರ್ಷ ಹಿಂದಿನದು. ಮಂಜು ಕವಿದಾಗ ಹಡಗುಗಳಿಗೆ ಬಂಡೆಯ ದಿಕ್ಕು ತಿಳಿಸಲು ಅಲ್ಲೊಂದು ದೊಡ್ಡ ಗಂಟೆ. ಅದನ್ನು ಬಾರಿಸುತ್ತಿದ್ದವನು ಸತ್ತ ಮೇಲೆ ಮಗಳು ಆ ಕೆಲಸ ವಹಿಸಿಕೊಂಡಿದ್ದಾಳೆ. ಆದರೆ ಮೂರು ಸಲ, ಅವಳು ಹಗ್ಗ ಎಳೆದರೂ ಗಂಟೆ ನುಡಿಯಲಿಲ್ಲ. ಯಾರೋ ಅದರ ನಾಲಗೆಗೆ ಬಟ್ಟೆ ಸುತ್ತಿದ್ದರು. ಮೂರು ಹಡಗು ಒಡೆದವು. ಅನುಮಾನ ಬಿದ್ದದ್ದು ಹೊರಊರಿನಿಂದ ಬಂದ ಹಡಗು ಬಡಗಿಯ ಮೇಲೆ. ಅವನು ಚರ್ಚಿಗೆ ಬರುವುದಿಲ್ಲ, ಪ್ರತಿ ಸಂಜೆ ಒಂದು ಗಂಟು ಹೊತ್ತು ಗುಹೆಯ ಕಡೆ ಹೋಗುತ್ತಾನೆ, ಕೇಳಿದರೆ ಹೇಳುವುದಿಲ್ಲ. ಹುಡುಗಿಗೆ ಅವನ ಮೇಲೆ ಮನಸ್ಸು. ಇತ್ತ ಚರ್ಚಿನ ಸಭೆಯ ಹಿರಿಯನೊಬ್ಬ ಪ್ರತಿ ಊಟಕ್ಕೆ ಮುಂಚೆ ಐದು ನಿಮಿಷ ಪ್ರಾರ್ಥಿಸುತ್ತಾ, ಬಡಗಿಯನ್ನು ಹಿಡಿದುಕೊಡಬೇಕೆಂದು ಊರನ್ನು ಹುರಿದುಂಬಿಸುತ್ತಿದ್ದಾನೆ. ದೊಡ್ಡಮ್ಮ ಐವತ್ತನೆಯ ಪುಟದಲ್ಲೇ ತೀರ್ಪು ಕೊಟ್ಟಾಗಿತ್ತು.

ಒಂದು ಗುರುವಾರ, ಓದು ಕಚ್ಚಾ ಹೊಲಿಗೆಯ ಹತ್ತಿರ ಬಂದಿತ್ತು. ಬಾಯ್ಲರ್ ಅಣ್ಣನಿಗೆ ಏನು ಹೇಳಿದೆ ಎಂದು ಯಾರೋ ಕೇಳಿದರು. ತಂಗಿ ಸೂಜಿಯಿಂದ ಕಣ್ಣೆತ್ತಲಿಲ್ಲ.

“ಆ ಬಡಗಿ ಒಳ್ಳೆಯವನು ಅಂತಾದ್ರೆ ನಾನೂ ಹೂಂ ಅಂತೀನಿ. ಪುಸ್ತಕವೇ ಹೇಳಲಿ.”

ಎಲ್ಲರೂ ನಕ್ಕರು. ಓದಕ್ಕನೂ ನಕ್ಕಳು, ಸ್ವಲ್ಪ ತಡವಾಗಿ.

ಶುಕ್ರವಾರ ಅವಳು ದಾರ ಕತ್ತರಿಸಿ ಓದಿದಳು. ಹುಡುಗಿ ಬಡಗಿಯ ಬೆನ್ನುಹತ್ತಿ ಗುಹೆಯೊಳಗೆ ಕಾಲಿಟ್ಟಳು. ಮೂರು ಇಪ್ಪತ್ತಕ್ಕೆ ಓದಕ್ಕ ಇನ್ನೂರ ಎಂಬತ್ತೆಂಟನೆಯ ಪುಟದ ಕೊನೆಯ ಸಾಲಿಗೆ ಬಂದಳು: ‘ಅವನು ಗಂಟನ್ನು ನೆಲದ ಮೇಲಿಟ್ಟು ಬಿಚ್ಚಿದ. ಅದರೊಳಗೆ...’ ಪುಟ ತಿರುವಿದರೆ ಬರಿಯ ರಟ್ಟು. ಹಳೆಯ ಪ್ರತಿ, ಎಂದೋ ಕೊನೆಯ ಹದಿನಾರು ಪುಟಗಳ ಕಟ್ಟು ಕಳಚಿಹೋಗಿತ್ತು, ಮೇಲೆ ಯಾರೋ ಹೊಸ ರಟ್ಟು ಹಾಕಿಸಿದ್ದರು. ಅವಳು ಪುಸ್ತಕ ಮುಚ್ಚಿದಳು. ಗಂಟಲು ಒಣಗಿದೆ, ಉಳಿದದ್ದು ಸೋಮವಾರ ಎಂದಳು. ಕೋಣೆ ಗೊಣಗಿತು, ದೊಡ್ಡಮ್ಮ, ಇಂಥ ಜಾಗದಲ್ಲಿ ಗಂಟಲು ಒಣಗಿಸಿಕೊಂಡವಳಿಗೆ ನರಕವೇ ಗತಿ ಎಂದು ಶಾಪ ಹಾಕಿ ಬೀಗ ತಿರುವಿದಳು.

ಶನಿವಾರ ಓದಕ್ಕ ಚರ್ಚಿನ ಕಪಾಟನ್ನು ಪೂರ್ತಿ ಇಳಿಸಿ ಹುಡುಕಿದಳು. ಇನ್ನೊಂದು ಪ್ರತಿ ಇರಲಿಲ್ಲ. ಪುಟ ಇಲ್ಲ ಎಂದು ಹೇಳಿಬಿಡು, ಅದರಲ್ಲೇನು ಎಂದ ಗಂಡ. ಸರಿಯಾದ ಮಾತು. ಹೇಳಿಬಿಡುವುದೆಂದೇ ಅವಳು ಭಾನುವಾರ ಚರ್ಚಿಗೆ ಹೋದಳು. ಆದರೆ ಆ ಮಧ್ಯಾಹ್ನ ತಂಗಿ ಊಟಕ್ಕೆ ಬಂದಾಗ ಹೊಸ ಊರಿನ ರೈಲಿನ ವೇಳೆಯನ್ನು ಭಾವನ ಬಳಿ ಕೇಳಿದಳು. ತಟ್ಟೆ ತೊಳೆಯುತ್ತಿದ್ದ ಓದಕ್ಕನ ತಲೆಯೊಳಗೆ ಬಡಗಿಯ ಗಂಟು ತಾನಾಗಿ ಬಿಚ್ಚಿಕೊಂಡಿತು, ಅದರಲ್ಲಿ ಗಂಟೆಯ ನಾಲಗೆಗೆ ಸುತ್ತಿದ ಬಟ್ಟೆಯಿತ್ತು.

ಸೋಮವಾರ ಅವಳು ಕಂದು ಕಾಗದದ ಹೊದಿಕೆಯ ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದು, ಇದ್ದ ಪುಟಗಳನ್ನೇ ಹಿಂದಕ್ಕೂ ಮುಂದಕ್ಕೂ ತಿರುವುತ್ತಾ, ಬರೆಯದಿದ್ದ ಅಧ್ಯಾಯವನ್ನು ಓದಿದಳು. ಉಳಿದವರ ಕಣ್ಣು ಸೂಜಿಯ ಮೇಲಿದ್ದುದರಿಂದ ಯಾರೂ ನೋಡಲಿಲ್ಲ. ಅವಳ ಅಧ್ಯಾಯದಲ್ಲಿ ಬಡಗಿಯೇ ಅಪರಾಧಿಯಾದ. ಒಡೆದ ಹಡಗುಗಳ ಸರಕಿನ ಮೇಲೆ ಅವನ ಕಣ್ಣಿತ್ತು. ಹುಡುಗಿ ಅತ್ತಳು, ಪ್ರಾರ್ಥಿಸಿದಳು, ಕೊನೆಗೆ ತನ್ನ ಚಿಕ್ಕಮ್ಮನ ಜೊತೆ ಗಂಟೆಯ ಮನೆಯಲ್ಲೇ ಉಳಿದಳು. ಪುಸ್ತಕದುದ್ದಕ್ಕೂ ಮೂರು ಮಾತಿಗಿಂತ ಹೆಚ್ಚು ಆಡದಿದ್ದ ಆ ಚಿಕ್ಕಮ್ಮ, ಕೊನೆಯಲ್ಲಿ ಹತ್ತು ನಿಮಿಷ ಮಾತಾಡಿದಳು. ಹೊರಗಿನವರನ್ನು ನಂಬಿ ಹೋದವರು ಏನಾದರು ಎಂದು ವಿವರಿಸಿದಳು, ಸ್ವಂತದವರ ಬೆಲೆಯನ್ನು ಸಾರಿದಳು.

ಓದು ಮುಗಿದಾಗ ಎಂದಿನ ನಿಟ್ಟುಸಿರು ಬರಲಿಲ್ಲ.

“ಈ ಚಿಕ್ಕಮ್ಮ ಇಷ್ಟು ದಿನ ಎಲ್ಲಿ ಮಲಗಿದ್ದಳು?” ಎಂದಳು ದೊಡ್ಡಮ್ಮ.

ಲಾಡಿ ತಂಗಿ ಗೌನುಗಳನ್ನು ಮಡಿಸಿಟ್ಟು, ದಿನವೂ ಗೇಟಿನವರೆಗೆ ಓದಕ್ಕನ ಜೊತೆಗೆ ನಡೆಯುತ್ತಿದ್ದವಳು ಅಂದು ಒಬ್ಬಳೇ ಹೊರಟುಹೋದಳು. ಮರುದಿನ ಬಾಯ್ಲರ್ ಅಣ್ಣನಿಗೆ ಆಗುವುದಿಲ್ಲ ಎಂದಳು. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ.

ಮೊದಲ ದಿನ ಓದಕ್ಕನಿಗೆ ಆದದ್ದು ಸಂತೋಷವೇ. ಅದನ್ನು ಅವಳು ಮುಚ್ಚಿಡುವುದಿಲ್ಲ. ಎರಡನೆಯ ದಿನ ಬೆಳಿಗ್ಗೆ ಬೈಬಲಿನ ಅಧ್ಯಾಯ ಮುಗಿಯಲಿಲ್ಲ; ಒಂದೇ ಸಾಲನ್ನು ನಾಲ್ಕು ಸಲ ಓದಿ ಎದ್ದಳು. ತಂಗಿ ಕೆಲಸಕ್ಕೆ ಬರುತ್ತಿದ್ದಳು, ಹೊಲಿಯುತ್ತಿದ್ದಳು, ಮುಖ ಮಾತ್ರ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು. ಹೊಸ ಪುಸ್ತಕ ಶುರು ಮಾಡು ಎಂದು ಯಾರೂ ಹೇಳಲಿಲ್ಲ. ಎರಡರಿಂದ ಮೂರೂವರೆಯವರೆಗೆ ಕೋಣೆಯಲ್ಲಿ ದಾರ ಎಳೆಯುವ ಸದ್ದಷ್ಟೇ. ಗೋಡೆಯಾಚೆಯ ಕೊಳವೆ ಟಣ್ ಎಂದರೆ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಹೀಗೆ ಎಂಟು ದಿನ.

ಒಂಬತ್ತನೆಯ ದಿನ, ಎರಡೂಕಾಲಿನ ಹೊತ್ತಿಗೆ, ಬಾಯ್ಲರ್ ಅಣ್ಣ ಕೈಯಲ್ಲಿ ಪಾನಾ ಹಿಡಿದು ಬಾಗಿಲಲ್ಲಿ ನಿಂತ. ಕೊಳವೆ ನೋಡಲು ಬಂದಂತಿತ್ತು. ಕೊಳವೆಯ ಕಡೆ ನೋಡಲಿಲ್ಲ. ನೇರವಾಗಿ ಓದಕ್ಕನನ್ನು ಕೇಳಿದ:

“ಅಕ್ಕ, ಇವರು ನಿನ್ನೆ ಕೊನೆಗೂ ಬಾಯಿಬಿಟ್ರು, ನನ್ನ ವಿಷಯ ನಿಮಗೆ ಏನೋ ಗೊತ್ತಿದೆಯಂತೆ. ಏನು ಅಂತ ಹೇಳಿ. ಗುರುಗಳ ಮನೆಯವರು ನೀವು, ನೀವು ಹೇಳಿದ್ರೆ ತಿದ್ಕೋತೀನಿ.”

ಅವನು ಗುರುಗಳು ಎಂದದ್ದು ಅವಳ ಗಂಡನನ್ನು. ಓದಕ್ಕ, “ನನಗೇನು ಗೊತ್ತಪ್ಪ, ನಿನ್ನ ವಿಷಯದಲ್ಲಿ ಕೆಟ್ಟದ್ದು ಒಂದೂ ಕೇಳಿಲ್ಲ ನಾನು” ಎಂದಳು.

ಲಾಡಿ ತಂಗಿ ಗೌನನ್ನು ಮಡಿಲಿಗೆ ಇಳಿಸಿದಳು.

“ಹಾಗಾದ್ರೆ ಯಾಕೆ ಹಾಗೆ ಓದಿದ್ರಿ ಅಕ್ಕ? ಹದಿನೇಳು ವರ್ಷದಿಂದ ಕೇಳ್ತಿದೀನಿ. ಇಂಥ ಪುಸ್ತಕದಲ್ಲಿ ಯಾವತ್ತು ಬಡಗಿ ಕಳ್ಳ ಆಗಿದ್ದಾನೆ? ಚರ್ಚಿಗೆ ಬರದೆ ಮುಖ ಗಂಟು ಹಾಕ್ಕೊಂಡು ಓಡಾಡೋನು ಕೊನೇಲಿ ಒಳ್ಳೆಯವನೇ. ಉದ್ದ ಪ್ರಾರ್ಥನೆಯವನು ಕಳ್ಳ. ಚಿಕ್ಕ ಮಕ್ಕಳಿಗೂ ಗೊತ್ತು. ನೀವು ಎರಡನೇ ಸಾಲು ಓದೋ ಹೊತ್ತಿಗೇ ಗೊತ್ತಾಯ್ತು, ಇದು ಪುಸ್ತಕದಲ್ಲಿ ಇಲ್ಲ ಅಂತ. ಒಂದು ಸಾಲು ಆಚೀಚೆ ಮಾಡದವರು ಬೇಕಂತಲೇ ಬದಲಾಯಿಸಿದ್ದಾರೆ ಅಂದ್ರೆ ಸುಮ್ಮನೆ ಇರುತ್ತಾ? ಭಾವ ಇವರ ಜೊತೆ ಕೆಲಸ ಮಾಡಿದೋರು. ಏನೋ ಕೇಳಿರ್ತೀರಿ, ಬಾಯಿಬಿಟ್ಟು ಹೇಳೋಕಾಗದೆ ಹೀಗೆ ಎಚ್ಚರಿಸಿದ್ರಿ ಅಂದ್ಕೊಂಡೆ.”

ತನ್ನ ಸುಳ್ಳನ್ನು ತಂಗಿ ನಂಬಿದಳೆಂದು ಓದಕ್ಕ ಎಂಟು ದಿನ ಕೊರಗಿದ್ದಳು. ಸುಳ್ಳನ್ನು ಅವಳು ಒಂದು ಕ್ಷಣವೂ ನಂಬಿರಲಿಲ್ಲ, ಓದಕ್ಕನನ್ನು ನಂಬಿದ್ದಳು. ಅಕ್ಕ ಕಾರಣವಿಲ್ಲದೆ ಸುಳ್ಳು ಓದುವವಳಲ್ಲ ಎಂಬ ಆ ನಂಬಿಕೆಯಿಂದಲೇ ಒಬ್ಬ ಒಳ್ಳೆಯ ಮನುಷ್ಯನನ್ನು ಬೇಡವೆಂದಿದ್ದಳು.

ಓದಕ್ಕ ಎದ್ದು ದೊಡ್ಡಮ್ಮನ ಮುಂದೆ ಕೈಚಾಚಿ ಬೀಗದ ಕೈ ಕೇಳಿದಳು. ಕಪಾಟಿನಿಂದ ಪುಸ್ತಕ ತೆಗೆದು, ಇನ್ನೂರ ಎಂಬತ್ತೆಂಟನೆಯ ಪುಟ ಬಿಚ್ಚಿ, ತಂಗಿಯ ಮಡಿಲ ಮೇಲಿಟ್ಟಳು.

“ಇಲ್ಲಿಗೆ ಮುಗಿದಿದೆ. ಮುಂದಿನ ಪುಟ ಇಲ್ಲ. ಸೋಮವಾರ ಓದಿದ್ದೆಲ್ಲ ನಾನು ಕಟ್ಟಿದ್ದು.”

“ಯಾಕೆ?”

“ನೀನು ಹೋಗಬಾರದು ಅಂತ.”

ಬಾಗಿಲಲ್ಲಿ ನಿಂತವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, ಕೊನೆಗೆ ಬಹಳ ಸಂಕೋಚದಿಂದ ಕೇಳಿದ:

“ಯಾವ ಬಡಗಿ?”

ಮೊದಲು ನಕ್ಕವಳು ದೊಡ್ಡಮ್ಮ. ಆಮೇಲೆ ಎಲ್ಲರೂ. ತಂಗಿ ನಗಲಿಲ್ಲ. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಅವನ ಕಡೆ ತಿರುಗಿ, ಸಂಜೆ ಗೇಟಿನ ಹತ್ತಿರ ನಿಲ್ಲಿ, ಹೇಳ್ತೀನಿ ಎಂದಳು. ಅವನು ಪಾನಾವನ್ನು ಬಾಗಿಲ ಬಳಿಯೇ ಮರೆತು ಹೋದ.

ಓದಕ್ಕನೊಡನೆ ತಂಗಿ ಎರಡು ದಿನ ಮಾತಾಡಲಿಲ್ಲ. ಹಾಗೆ ಮುನಿಸಿಕೊಂಡಾಗಲೂ ಅವಳ ಪಾಲಿನ ಎರಡು ಗೌನುಗಳನ್ನು ಎತ್ತಿಕೊಳ್ಳುವುದು ಬಿಡಲಿಲ್ಲ. ಓದೇ ಇಲ್ಲದಿದ್ದ ಆ ದಿನಗಳಲ್ಲಿ ಅದರ ಅಗತ್ಯವೂ ಇರಲಿಲ್ಲ. ಮೂರನೆಯ ದಿನ ಅವಳೇ ಬಾಯಿ ತೆರೆದಳು.

“ಬಡಗಿ ಒಳ್ಳೆಯವನು ಅಂತ ನನಗೆ ಮೊದಲೇ ಗೊತ್ತಿತ್ತು ಅಕ್ಕ. ಅದಕ್ಕೇ ಅವನ ಮೇಲೆ ಹಾಕಿದೆ. ಹೂಂ ಅನ್ನೋಕೆ ನಾಚಿಕೆ ಆಗ್ತಿತ್ತು, ಪುಸ್ತಕ ಹೇಳಿಸಲಿ ಅಂತ.”

“ನನ್ನನ್ನೇ ಕೇಳಬಹುದಿತ್ತಲ್ಲೇ.”

“ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ.”

ಅದು ನಿಜವೆಂದು ಓದಕ್ಕನಿಗೂ ಗೊತ್ತಿತ್ತು. ಇಷ್ಟು ವರ್ಷ ಎಷ್ಟೋ ನಾಯಕಿಯರ ಅನುಮಾನಕ್ಕೆ ಛೀಮಾರಿ ಹಾಕುತ್ತಾ, ನಂಬಬಾರದೇನೇ ಪೆದ್ದೀ ಎಂದು ಓದಿನ ನಡುವೆ ನಿಟ್ಟುಸಿರುಬಿಟ್ಟವಳು, ತನ್ನ ಸರದಿ ಬಂದಾಗ ಸಭೆಯ ಹಿರಿಯನ ಪಕ್ಷದಲ್ಲಿ ನಿಂತಿದ್ದಳು. ಆ ಸಂಜೆ ಗಂಡ ಎಂದಿನಂತೆ ಪ್ರಾರ್ಥನೆಯೋ ಪಿಸ್ತೂಲೋ ಎಂದು ಕೇಳಿದಾಗ, ಎರಡೂ ಅಲ್ಲ, ಸುಮ್ಮನೆ ಕೂತಿದ್ದೀನಿ ಎಂದಳು. ಅವನು ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತ.

ಕೋಣೆಯ ಕಟ್ಟುಪಾಡು ಮುರಿದದ್ದಕ್ಕೆ ತೀರ್ಪು ಕೊಟ್ಟವಳು ದೊಡ್ಡಮ್ಮ: ಒಂದು ತಿಂಗಳು ಓದಕ್ಕ ಪುಸ್ತಕ ಮುಟ್ಟಬಾರದು, ಎಲ್ಲರಂತೆ ಇಪ್ಪತ್ತು ಗೌನಿಗೆ ಲಾಡಿ ಹೊಲಿಯಬೇಕು, ಓದುವುದು ತಂಗಿ. ತಂಗಿಯ ಓದು ನಿಧಾನ, ದೊಡ್ಡ ಪದ ಬಂದರೆ ನಿಂತು ಬೆವರುತ್ತಿದ್ದಳು. ಆದರೂ ಊರು ಬಿಡುವ ಮೊದಲಿನ ಆ ಹನ್ನೊಂದು ದಿನ ಅವಳೇ ಓದಿದಳು. ಕೊನೆಯ ದಿನ ಎಲ್ಲರೂ ಹಟ ಹಿಡಿದು ಬಡಗಿಯ ಗಂಟಿನಲ್ಲಿ ಏನಿತ್ತೆಂದು ಅವಳಿಂದ ಹೇಳಿಸಿದರು. ಅವಳ ಪ್ರಕಾರ ಅದರಲ್ಲಿ ರೊಟ್ಟಿಯಿತ್ತು. ಮೊದಲನೆಯ ಹಡಗಿನಿಂದ ಬದುಕಿ ಉಳಿದು, ನಿಜವಾದ ಕಳ್ಳನನ್ನು ಕಣ್ಣಾರೆ ಕಂಡಿದ್ದ ಗಾಯಾಳು ನಾವಿಕನೊಬ್ಬನನ್ನು ಬಡಗಿ ಗುಹೆಯಲ್ಲಿ ಅಡಗಿಸಿ ಸಾಕುತ್ತಿದ್ದ. ಇದಕ್ಕಿಂತ ಒಳ್ಳೆಯದನ್ನು ಮೂಲ ಲೇಖಕರೂ ಬರೆದಿರಲಾರರು ಎಂದು ಓದಕ್ಕ ಸೂಜಿ ನಿಲ್ಲಿಸಿ ಹೇಳಿದಳು. ಕೋಣೆ ಅದನ್ನೇ ಕೊನೆಯೆಂದು ಒಪ್ಪಿಕೊಂಡಿತು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಒಂದು ಬುಧವಾರ ಬೆಳಿಗ್ಗೆ ನಡೆಯಿತು. ಸಾಕ್ಷಿಯಾಗಿ ರುಜು ಹಾಕಿದವರು ಓದಕ್ಕ ಮತ್ತು ಅವಳ ಗಂಡ. ದೊಡ್ಡಮ್ಮ ಹೆಬ್ಬೆಟ್ಟು ಒತ್ತುತ್ತೇನೆಂದು ಬಂದಿದ್ದಳು. ಎರಡು ಸಾಕ್ಷಿ ಸಾಕೆಂದ ಗುಮಾಸ್ತನೊಡನೆ ಜಗಳ ತೆಗೆದು, ಮೂರನೆಯದನ್ನೂ ಹಾಕಿಸಿಯೇ ಹೊರಬಂದಳು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಲಾಡಿ ತಂಗಿ ಆ ಊರಿನ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲೇ ಕೆಲಸಕ್ಕಿದ್ದಾಳೆ. ಅಲ್ಲಿ ಕೈಹೊಲಿಗೆಯ ವೇಳೆಯೇ ಇಲ್ಲ, ಇಡೀ ದಿನ ಯಂತ್ರ. ಹಾಗಾಗಿ ಊಟದ ವಿರಾಮದಲ್ಲಿ ನಾಲ್ವರಿಗೆ ಓದಿ ಹೇಳುತ್ತಾಳಂತೆ. ಎರಡು ತಿಂಗಳಿಗೊಮ್ಮೆ ಇಬ್ಬರೂ ರೈಲಿನಲ್ಲಿ ಬಂದು ಓದಕ್ಕನ ಮನೆಯಲ್ಲಿ ಒಂದು ಭಾನುವಾರ ಕಳೆದು ಹೋಗುತ್ತಾರೆ. ಓದಕ್ಕನಿಗೆ ಈಗ ಐವತ್ತೊಂಬತ್ತು, ಬರುವ ವರ್ಷ ನಿವೃತ್ತಿ. ಅವಳು ದಿನವೂ ಎರಡರಿಂದ ಮೂರೂವರೆಯವರೆಗೆ ಓದುತ್ತಾಳೆ. ಅವಳ ಎಡಗಡೆ ಈಗ ಕೂರುವವಳು ಹೊಸಬಳು. ಅವಳಿಗೆ ಕತೆಗಳು ಇಷ್ಟವಿಲ್ಲ, ಆದರೆ ತನ್ನ ಪಾಲಿನ ನಾಲ್ಕು ಗೌನುಗಳನ್ನು ತಕರಾರಿಲ್ಲದೆ ಹೊಲಿದುಕೊಡುತ್ತಾಳೆ.